ಹಕಾರದ ಹೆದರಿಕೆ

ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಲು ಉಕ್ಕುವುದಿಲ್ಲ, ಆಲು ಉಕ್ಕುತ್ತದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವ ನನ್ನ ತಾಯಿಗೆ ಸಕ್ಕರೆ ಕಾಯಿಲೆಯ ದೆಸೆಯಿಂದ ಕಣ್ಣು ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ. ಆದರೆ ಪ್ಯಾಕೆಟ್ಟು ಮೆಟ್ಟಿಲ ಮೇಲೆ ಬಿದ್ದ ಸದ್ದು ಅವಳ ಕಿವಿಗೆ ಎಂದೂ ತಪ್ಪಿದ್ದಿಲ್ಲ. ‘ಆಲು ಬಂತು, ಎತ್ಕಳ್ರಮ್ಮ’ ಎಂಬ ಅವಳ ಕೂಗಿಗೇ ನಮ್ಮ ಬೀದಿ ಎಚ್ಚರಗೊಳ್ಳುವುದು. ಮಹಡಿಯ ಮನೆಗೆ ಉತ್ತರ ಭಾರತದ ಕಡೆಯ ದಂಪತಿ ಬಾಡಿಗೆಗೆ ಬಂದ ಹೊಸದರಲ್ಲಿ, ಒಂದು ಸಂಜೆ ಅಮ್ಮ ಆ ಹೆಣ್ಣುಮಗಳನ್ನು ವಸಿ ಆಲು ಇದ್ದರೆ ಕೊಡವ್ವ ಎಂದು ಕೇಳಿದಳು. ಆಕೆ ಪಾಪ, ನಾಲ್ಕು ಆಲೂಗಡ್ಡೆ ತಂದು ಅಮ್ಮನ ಮಡಿಲಿಗೆ ಹಾಕಿ ನಮಸ್ಕಾರ ಮಾಡಿ ಹೋದಳು. ಅವರ ಕಡೆ ಹೊಸ ಮನೆಗೆ ಬಂದವರು ಹೀಗೆ ಆಲೂಗಡ್ಡೆ ಕೊಡುವ ಪದ್ಧತಿ ಇರಬೇಕೆಂದುಕೊಂಡ ಅಮ್ಮ ಅದನ್ನು ಸಾರಿಗೆ ಹಾಕಿಸಿ, ಒಂದು ಬಟ್ಟಲು ಸಾರನ್ನು ಮೇಲಕ್ಕೂ ಕಳಿಸಿದಳು.

ನೀವು ನಗುತ್ತಿರಬೇಕು. ನಗಿ, ನಾನೂ ನಕ್ಕವನೇ. ಆದರೆ ನನ್ನ ನಗೆಯ ಹಿಂದೆ ಒಂದು ಹೆದರಿಕೆ ಸದಾ ಬಾಲ ಮುದುರಿಕೊಂಡು ಕೂತಿರುತ್ತದೆ, ಯಾಕೆಂದರೆ ಆ ನಾಲಿಗೆ ನನ್ನದೂ ಹೌದು. ರಾಮಮೂರ್ತಿ ನಗರವೆಂದು ಈಗ ಕರೆಯುವ ಜಾಗದ ಅಂಚಿನಲ್ಲಿ ನಮ್ಮದೊಂದು ಹಳೆಯ ಹಳ್ಳಿಯಿತ್ತು. ಅಲ್ಲಿ ನಮಗೆ ರಾಗಿ ಬೆಳೆಯುವ ಹೊಲವಿತ್ತು, ಹಸುವಿತ್ತು, ಹುಣಸೆಮರವಿತ್ತು. ಹೊಲ ಬೀದಿಯಾಯಿತು, ಹಸುವಿನ ಕೊಟ್ಟಿಗೆ ಬಾಡಿಗೆ ಮನೆಯಾಯಿತು, ಹುಣಸೆಮರದ ಜಾಗದಲ್ಲಿ ಮೊಬೈಲು ರಿಪೇರಿ ಅಂಗಡಿ ಬಂತು. ಇವೆಲ್ಲ ಒಂದೊಂದಾಗಿ ಹೋದವು ಎಂದು ನಾವು ಹಳಹಳಿಸುವುದುಂಟು. ನಮ್ಮ ಬಾಯಲ್ಲಿ ಮಾತ್ರ ಅವು ಇದ್ದಾಗಲೂ ಒಲ, ಅಸ, ಉಣಸೆಮರಗಳೇ ಆಗಿದ್ದವು.

ಅಕ್ಷರಮಾಲೆಯಲ್ಲಿ ಬಡಪಾಯಿ ಅಕ್ಷರ ಯಾವುದೆಂದು ಯಾರಾದರೂ ಕೇಳಿದರೆ ಹಕಾರವೆನ್ನುತ್ತೇನೆ. ಅದಕ್ಕೆ ನಾಲಿಗೆ ಹೊರಳಬೇಕಿಲ್ಲ, ತುಟಿ ಕೂಡಬೇಕಿಲ್ಲ, ಮೂಗಿನ ಸಹಾಯ ಬೇಕಿಲ್ಲ. ನಡೆದು ಸುಸ್ತಾದವನು ಕಟ್ಟೆಯ ಮೇಲೆ ಕುಳಿತು ಬಿಡುವ ಉಸಿರಿನಷ್ಟು ಸಾಕು. ಆ ಒಂದು ಉಸಿರು ನಮ್ಮ ವಂಶದಲ್ಲಿ ಯಾರಿಗೂ ಸಕಾಲಕ್ಕೆ ಒದಗಿಬರಲಿಲ್ಲ. ನಮ್ಮ ಅಪ್ಪ ಕಚೇರಿಯೊಂದರಲ್ಲಿ ಪಹಣಿಯ ವಿಷಯ ವಿಚಾರಿಸಲು ಹೋಗಿ, ಕೈಮುಗಿದು ‘ವಸಿ ಏಳಿ ಸ್ವಾಮಿ’ ಎಂದನಂತೆ. ಒಳ್ಳೆಯವನಾಗಿದ್ದ ಆ ಗುಮಾಸ್ತ ಎದ್ದು ನಿಂತು, ಕುರ್ಚಿಯ ಕೆಳಗೆ ಏನಾದರೂ ಬಿದ್ದಿದೆಯೇ ಎಂದು ಬಗ್ಗಿ ನೋಡಿದನಂತೆ. ಹಾಗೆ ನೋಡಿದರೆ ಹಲಸೂರಿನಂಥ ಹಲಸೂರೇ ತನ್ನ ಹಕಾರವನ್ನು ಜನರ ಬಾಯಲ್ಲಿ ಕಳೆದುಕೊಂಡು ಅಲಸೂರಾಗಿ, ದಂಡಿನ ಇಂಗ್ಲಿಷರ ಬಾಯಲ್ಲಿ ಇನ್ನಷ್ಟು ನಜ್ಜುಗುಜ್ಜಾಗಿ ಅಲ್ಸೂರಾಗಿ, ಈಗ ಬೋರ್ಡುಗಳ ಮೇಲೆ ಮತ್ತೆ ಹಕಾರ ಹಚ್ಚಿಕೊಂಡು ನಿಂತಿದೆ. ಅದನ್ನು ಕಂಡು ಯಾರೂ ನಗುವುದಿಲ್ಲ. ಊರು ದೊಡ್ಡದಾದರೆ ಅದರ ಉಚ್ಚಾರವನ್ನು ಇತಿಹಾಸವೆನ್ನುತ್ತಾರೆ. ಮನುಷ್ಯ ಚಿಕ್ಕವನಾದರೆ ಅದನ್ನೇ ತಮಾಷೆಯೆನ್ನುತ್ತಾರೆ.

ನನ್ನನ್ನು ಮೊದಲು ತಮಾಷೆ ಮಾಡಿದ್ದು ಶಾಲೆ. ಪಾಠದಲ್ಲಿದ್ದ ಹಸಿದ ಹುಲಿ ನನ್ನ ಬಾಯಲ್ಲಿ ಅಸಿದ ಉಲಿಯಾದಾಗ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ಕೆಟ್ಟವರಲ್ಲ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಬಿಸಿಯುಸಿರು ತಾಗುವವರೆಗೂ ಹೇಳೆಂದು ಅಭ್ಯಾಸ ಮಾಡಿಸಿದರು. ಅಲ್ಲಿಂದ ನನಗೆ ಹೊಸ ರೋಗ ಅಂಟಿಕೊಂಡಿತು. ಎಲ್ಲಿ ಹಕಾರ ಬಿಟ್ಟುಹೋಗುವುದೋ ಎಂಬ ದಿಗಿಲಿಗೆ ಬೇಕಾದಲ್ಲಿ ಬೇಡವಾದಲ್ಲಿ ಎಲ್ಲ ಕಡೆಯೂ ಅದನ್ನು ಅಂಟಿಸತೊಡಗಿದೆ. ಆನೆ ಹಾನೆಯಾಯಿತು, ಊಟ ಹೂಟವಾಯಿತು, ಅಕ್ಕ ಹಕ್ಕನಾದಳು. ಪಾಳು ಬಾವಿಗೆ ಹೆದರಿ ಹಾದಿಯಲ್ಲಿ ಕಂಡ ಗುಂಡಿಗಳನ್ನೆಲ್ಲ ಹಾರಿಕೊಂಡು ಹೋಗುವವನ ನಡಿಗೆಯಂತಾಯಿತು ನನ್ನ ಮಾತು. ಮನೆಯಲ್ಲಿ ಹಕಾರ ಹಚ್ಚಿ ಮಾತಾಡಿದರೆ ನಮ್ಮವರು ನಗುತ್ತಿದ್ದರು, ಶಾಲೆಯಲ್ಲಿ ಹಚ್ಚಿದರೂ ಬಿಟ್ಟರೂ ಹುಡುಗರು ನಗುತ್ತಿದ್ದರು. ಹೀಗಾಗಿ ನಾನು ಮಾತು ಕಡಿಮೆ ಮಾಡಿ ಬರೆಯುವುದನ್ನು ಹಿಡಿದುಕೊಂಡೆ. ಕಾಗದದ ಮೇಲೆ ನನ್ನ ಹಕಾರ ಎಂದೂ ತಪ್ಪಿದ್ದಿಲ್ಲ.

ಆ ಗುಣವೇ ಅನ್ನಕ್ಕೂ ದಾರಿ ಮಾಡಿತು. ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿಗೆ ಬೆನ್ನು ತಿರುಗಿಸಿಕೊಂಡಿರುವ ಗಲ್ಲಿಯೊಂದರಲ್ಲಿ, ಸಲೀಂ ಸಾಹೇಬರ ಮದುವೆ ಕಾರ್ಡಿನ ಅಚ್ಚುಕೂಟದಲ್ಲಿ ನಾನು ಕರಡು ತಿದ್ದುವವನು. ಗಿರಾಕಿಗಳು ಬರೆದು ತರುವ ಒಕ್ಕಣೆಗಳಲ್ಲಿ ಎಂತೆಂಥ ರತ್ನಗಳಿರುತ್ತವೆ ಎನ್ನುತ್ತೀರಿ! ವಿವಾಹ ಮಹೋತ್ಸವ ವಿರಹ ಮಹೋತ್ಸವವಾಗುವುದನ್ನು ನಾನು ತಡೆದಿದ್ದೇನೆ. ವಧುವಿನ ತಮ್ಮನೊಬ್ಬ ‘ವಧೂವರರನ್ನು ಅರಸಿ ಆಶೀರ್ವದಿಸಿ’ ಎಂದು ಬರೆದು ತಂದಾಗ ತಿದ್ದಲೇಬೇಕೆ ಎಂದು ಒಂದು ಗಳಿಗೆ ಯೋಚಿಸಿದೆ; ಈಗಿನ ಮದುವೆಗಳಲ್ಲಿ ಫೋಟೊದವರ ಗುಂಪಿನ ನಡುವೆ ವಧೂವರರನ್ನು ಅರಸಿಯೇ ಹರಸಬೇಕಲ್ಲ. ಪೆನ್ನು ಕೈಯಲ್ಲಿದ್ದಾಗ ನಾನು ಯಾರಿಗೂ ಹೆದರುವವನಲ್ಲ.

ಕರಡು ತಿದ್ದುವ ನಾನು ಸಾಹೇಬರ ಬಾಯಲ್ಲಿ ‘ಮೇಷ್ಟ್ರು’. ಅವರ ಮನೆಮಾತು ದಖನಿ ಉರ್ದು. ಅವರ ನಾಲಿಗೆಗೆ ಳಕಾರ ಒಗ್ಗದು. ನಮ್ಮ ಮನೆಯಿಂದ ಅವರೆಕಾಳು ಸಾರು ಒಯ್ದು ಕೊಟ್ಟ ಮರುದಿನ ಅವರು ಅಂಗಡಿಗೆ ಬಂದವರಿಗೆಲ್ಲ ಮೇಷ್ಟ್ರ ಮನೆಯ ಕಾಲು ಸಾರಿನ ರುಚಿಯನ್ನು ಬಣ್ಣಿಸುತ್ತಿದ್ದರು. ಕಾಲು ಸೂಪಿಗೆ ಹೆಸರಾದ ಆ ಗಲ್ಲಿಯಲ್ಲಿ ಯಾರಿಗೂ ಅದು ವಿಚಿತ್ರವಾಗಿ ಕೇಳಲಿಲ್ಲ. ಒಬ್ಬನಂತೂ ಕುರಿಯದೋ ಮೇಕೆಯದೋ ಎಂದು ನನ್ನನ್ನೇ ಕೇಳಿದ. ವಿಷಯ ತಿಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರೇ. ತಪ್ಪಿದ ನಾಲಿಗೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಮುಂದಿನ ಕೆಲಸಕ್ಕೆ ಹೋಗುವ ಆ ಸುಖ ನನಗೆ ಎಂದೂ ದಕ್ಕಿದ್ದಲ್ಲ.

ನನ್ನದು ಎಂಥ ನಾಚಿಕೆಯೆಂದರೆ, ಅಪ್ಪ ತೀರಿಕೊಂಡ ದಿನ ರಜೆ ಕೇಳಲು ಸಾಹೇಬರಿಗೆ ಫೋನು ಮಾಡಿದೆ. ದುಃಖದಲ್ಲಿ ಅಂಗೈ ಅಭ್ಯಾಸವೆಲ್ಲ ಮರೆತು ‘ನಮ್ಮಪ್ಪ ಓದ್ರು’ ಎಂದುಬಿಟ್ಟೆ. ಹಿಂದಿನ ದಿನವಷ್ಟೇ ನಾವಿಬ್ಬರೂ ನಮ್ಮ ತಂದೆಯರ ಶಾಲೆಯ ಕಾಲದ ಕಥೆಗಳನ್ನು ಮಾತಾಡಿಕೊಂಡಿದ್ದೆವು. ಸಾಹೇಬರು ಆ ಮಾತೇ ಮುಂದುವರಿಯುತ್ತಿದೆಯೆಂದುಕೊಂಡು, ‘ಎಲ್ಲಿ ತನಕ ಓದಿದ್ರು ಮೇಷ್ಟ್ರೇ?’ ಎಂದು ಪ್ರೀತಿಯಿಂದ ಕೇಳಿದರು. ಅಲ್ಲ ಸಾಹೇಬರೇ, ಅಪ್ಪ ಸತ್ತುಹೋದರು ಎನ್ನಬೇಕಿತ್ತು. ಹಾಗೆನ್ನಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕಿತ್ತು. ಪಕ್ಕದ ಕೋಣೆಯಲ್ಲಿ ಅಪ್ಪನ ಹೆಣವಿಟ್ಟುಕೊಂಡು ನಾನು, ‘ನಾಲ್ಕನೇ ಕ್ಲಾಸ್ ತನಕ’ ಎಂದು ಹೇಳಿ ಫೋನು ಇಟ್ಟೆ. ಯಾರಿಂದಲೋ ಸುದ್ದಿ ತಿಳಿದು ಅವರು ಮಣ್ಣಿಗೆ ಬಂದಾಗ, ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತರು, ಆ ಮಾತೆತ್ತಲಿಲ್ಲ.

ಇಂಥ ಮನೆಯಲ್ಲಿ ಮಗಳು ಹುಟ್ಟಿದಾಗ ಜೋಯಿಸರು ಪಂಚಾಂಗ ತೆಗೆದು, ಪುನರ್ವಸು ನಕ್ಷತ್ರ, ಮೂರನೆಯ ಪಾದ, ‘ಹ’ ಅಕ್ಷರ ಬಂದಿದೆ ಎಂದರು. ಐವತ್ತು ಅಕ್ಷರಗಳಲ್ಲಿ ಅದೊಂದೇ ನಮ್ಮ ಪಾಲಿಗೆ ಬರಬೇಕೆ! ಹಂಸಾ ಎಂದು ಹೆಸರಿಟ್ಟೆವು. ಹೆಸರಿಟ್ಟ ದಿನದಿಂದಲೂ ಅವಳು ಅಜ್ಜಿಗೆ ಅಂಸಾ, ನನ್ನಾಕೆಗೆ ಅಂಸಿ. ನಾನೊಬ್ಬ ಮಾತ್ರ ಅಕ್ಷರಕ್ಕೆ ಮೊದಲು ಒಂದು ಗುಟುಕು ಗಾಳಿ ನುಂಗಿ ಸರಿಯಾಗಿ ಕರೆಯುತ್ತಿದ್ದೆ; ಅದರಿಂದ ನಾನು ಕರೆದಾಗಲೆಲ್ಲ ಅವಳು ಅಪ್ಪನಿಗೆ ಸಿಟ್ಟು ಬಂದಿದೆಯೆಂದು ಭಾವಿಸುತ್ತಿದ್ದಳಂತೆ. ಅವಳ ಮಾತು ಮಾತ್ರ ಸ್ವಚ್ಛ. ಈಗ ಬಾಣಸವಾಡಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ, ಕಾರ್ಯಕ್ರಮವಿದ್ದರೆ ನಿರೂಪಣೆಯೂ ಅವಳದೇ.

ಹೋದ ವರ್ಷ ಅವಳಿಗೆ ಗಂಡು ಗೊತ್ತಾಯಿತು. ಹುಡುಗನ ತಂದೆ ಮೈಸೂರಿನ ಕಡೆಯವರು, ಕನ್ನಡ ಉಪನ್ಯಾಸಕರಾಗಿ ನಿವೃತ್ತರಾದವರು. ಅವರ ಮಾತು ಕೇಳುತ್ತಿದ್ದರೆ ತಿದ್ದಿ ಅಚ್ಚುಹಾಕಿದ ಪುಟವನ್ನು ಓದಿದಂತಿರುತ್ತದೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ಅಮ್ಮ ಸಂಭ್ರಮದಿಂದ, ಅಪ್ಪಳ ತಿನ್ನಿ, ಓಳಿಗೆ ಆಕಿಸ್ಕಳಿ, ಆಲು ಕುಡೀರಿ ಎಂದು ಉಪಚರಿಸುತ್ತಿದ್ದಳು. ಬೀಗರು ಮುಗುಳ್ನಕ್ಕರು. ಅದರಲ್ಲಿ ಕುಹಕವಿರಲಿಲ್ಲ, ಆಣೆಯಿಟ್ಟು ಹೇಳಬಲ್ಲೆ. ಆದರೂ ನನ್ನ ಮೈಯೆಲ್ಲ ಹಿಡಿಯಾಯಿತು. ಮಾತ್ರೆಯ ಹೊತ್ತಾಯಿತೆಂದು ಸುಳ್ಳು ಹೇಳಿ ಅಮ್ಮನ ಕೈಹಿಡಿದು ಒಳಕೋಣೆಗೆ ಕರೆದೊಯ್ದು ಮಂಚದ ಮೇಲೆ ಕೂರಿಸಿ ಬಂದೆ. ಹಂಸಾ ಅದನ್ನು ನೋಡಿದಳು, ನೋಡದವಳಂತೆ ತಟ್ಟೆ ಎತ್ತಿದಳು.

ನಿಶ್ಚಿತಾರ್ಥದಲ್ಲಿ ಲಗ್ನಪತ್ರಿಕೆಯನ್ನು ಪುರೋಹಿತರು ಓದುವುದು ಎಲ್ಲ ಕಡೆಯ ರೂಢಿ. ನಮ್ಮವರಲ್ಲಿ ಮಾತ್ರ ಪುರೋಹಿತರು ಬರೆದುಕೊಟ್ಟದ್ದನ್ನು ಹೆಣ್ಣಿನ ಮನೆಯ ಹಿರಿಯನೇ ಸಭೆಗೆ ಓದಿ ಹೇಳಬೇಕು. ಮನೆಯ ಬಾಯಿಂದ ಮಾತು ಬಿದ್ದರೇನೇ ಹೆಣ್ಣು ಕೊಟ್ಟ ಹಾಗೆ ಎಂದು ಅಮ್ಮನ ನಂಬಿಕೆ. ಅವಳನ್ನು ಕೊಟ್ಟಾಗ ಅವಳ ಅಪ್ಪ ಓದಿದ್ದ. ಓದು ಬಾರದ ಆತ ಹೇಳಿಸಿಕೊಂಡು ಬಾಯಿಪಾಠ ಮಾಡಿ, ಕಾಗದವನ್ನು ತಲೆಕೆಳಗಾಗಿ ಹಿಡಿದು ಓದಿದನಂತೆ. ನನ್ನ ಅಕ್ಕಂದಿರಿಗೆ ನಮ್ಮಪ್ಪ ಓದಿದ್ದ. ಈಗ ಸರದಿ ನನ್ನದು.

ಒಂದು ಸಂಜೆ ಹಂಸಾ ನನ್ನ ಪಕ್ಕ ಬಂದು ಕುಳಿತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ‘ಅಪ್ಪ, ಓದೋದನ್ನ ಶಾಸ್ತ್ರಿಗಳಿಗೇ ಬಿಟ್ಬಿಡೋಣ್ವಾ?’ ಎಂದಳು. ನನ್ನ ಮುಖ ನೋಡಿ, ಸಮಯ ಉಳಿಯುತ್ತದೆ ಎಂದು ಸೇರಿಸಿದಳು. ಮಗಳು ನನ್ನಿಂದಾಗಿ ನಾಚಿಕೊಳ್ಳುತ್ತಿದ್ದಾಳೆ ಎಂದು ತಿಳಿದಾಗ ಆಗುವ ಸಂಕಟವನ್ನು ನಾನು ಮುಚ್ಚಿಡಲಾರೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಅವಳ ಮೃದುತ್ವ. ನಾನು ಅಮ್ಮನನ್ನು ಒಳಕೋಣೆಗೆ ಕರೆದೊಯ್ದದ್ದೂ ಇದೇ ಮೃದುತ್ವದಿಂದ.

ನಾನೇ ಓದುತ್ತೇನೆಂದು ಹಟ ಹಿಡಿದೆ. ಶಾಸ್ತ್ರಿಗಳಿಂದ ಒಕ್ಕಣೆಯನ್ನು ಮೊದಲೇ ತರಿಸಿಕೊಂಡೆ. ಅದನ್ನು ನೋಡಿದರೆ ಪಂಚಾಂಗವೇ ನನ್ನ ಮೇಲೆ ಹಗೆ ಸಾಧಿಸಿದಂತಿತ್ತು: ಶಾಲಿವಾಹನ ಶಕ, ಹೇಮಂತ ಋತು, ಹಸ್ತಾ ನಕ್ಷತ್ರ, ಶುಭ ಮುಹೂರ್ತ, ವಿವಾಹ ಮಹೋತ್ಸವ, ಎಲ್ಲದರ ನಡುವೆ ಚಿರಂಜೀವಿ ಸೌಭಾಗ್ಯವತಿ ಹಂಸಾ. ಶಿವಾಜಿನಗರದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಂಗೈಗೆ ಹ ಹಾ ಹಿ ಹೀ ಊದುತ್ತ ಹೋಗುತ್ತಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸೊಬ್ಬರು ಅಸ್ತಮಾ ಇದೆಯೇ ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಬೇರೆ ಸೀಟಿಗೆ ಹೋದರು. ಅಚ್ಚಿನ ಯಂತ್ರದ ಸದ್ದಿನ ಮರೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಸಾಹೇಬರು ನೋಡಿ ನೋಡಿ ಕೊನೆಗೊಂದು ದಿನ, ಬಾಯಿಗೆ ಯಾಕೆ ಇಷ್ಟು ಕಷ್ಟ ಕೊಡುತ್ತೀರಿ, ಅದೇನು ತಪ್ಪು ಮಾಡಿದೆ ಎಂದು ಕೇಳಿದರು. ನಕ್ಕು ಮತ್ತೆ ಕರಡಿನ ಮೇಲೆ ಬಗ್ಗಿದೆ.

ನಿಶ್ಚಿತಾರ್ಥ ಬಾಣಸವಾಡಿಯ ಒಂದು ಪುಟ್ಟ ಸಭಾಂಗಣದಲ್ಲಿ ನಡೆಯಿತು. ಅಮ್ಮನನ್ನು ಎದುರಿನ ಸಾಲಿನಲ್ಲಿ ಕೂರಿಸಿದ್ದೆವು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ. ಹೇಗೆ ಓದಿದೆನೆಂದು ನನಗೇ ಗೊತ್ತಿಲ್ಲ, ಆದರೆ ಒಂದು ಹಕಾರವೂ ಜಾರಲಿಲ್ಲ, ಒಂದೂ ಎಲ್ಲಿಂದಲೋ ಬಂದು ಅಂಟಿಕೊಳ್ಳಲಿಲ್ಲ. ಮಗಳ ಹೆಸರು ಬಂದಾಗ ಧ್ವನಿಯನ್ನು ಇನ್ನೊಂದಿಷ್ಟು ಏರಿಸಿದೆ. ಬೀಗರು ತಲೆದೂಗಿದರು. ರೇಷ್ಮೆ ಸೀರೆಯಲ್ಲಿ ಕುಳಿತಿದ್ದ ಹಂಸಾ ನನ್ನನ್ನೇ ನೋಡುತ್ತಿದ್ದಳು, ಅವಳ ಮುಖ ಹಗುರಾಗಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಜನರ ಮುಂದೆ ಮಾತಾಡಿ ಕುಳಿತಾಗ ನನಗೆ ನಾಚಿಕೆಯಾಗಲಿಲ್ಲ.

ತಾಂಬೂಲದ ತಟ್ಟೆಯನ್ನು ಬೀಗರಿಗೆ ಒಪ್ಪಿಸುವ ಮೊದಲು ಮನೆಯ ಹಿರಿಯ ಹೆಂಗಸು ಅದನ್ನು ಮುಟ್ಟಬೇಕು. ಶಾಸ್ತ್ರಿಗಳು ತಟ್ಟೆಯನ್ನು ಅಮ್ಮನ ಮುಂದೆ ಹಿಡಿದರು. ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು.

‘ತಡೀರಿ ಸ್ವಾಮಿ. ನಮ್ಮೋರು ಇನ್ನಾ ಓದಿಲ್ವಲ್ಲ.’

ಓದಿ ಆಯಿತಲ್ಲ, ನಿಮ್ಮ ಮಗನೇ ಓದಿದ್ದು ಎಂದು ಶಾಸ್ತ್ರಿಗಳು ಸ್ವಲ್ಪ ಜೋರಾಗಿಯೇ ಹೇಳಿದರು. ಅಮ್ಮ ಕಿವುಡಿಯಲ್ಲ.

‘ನನ್ ಮಗನ ಮಾತು ನಂಗ್ ಗೊತ್ತಾಗಾಕಿಲ್ವಾ? ಅದ್ಯಾರೋ ದೊಡ್ಡೋರು ಓದುದ್ರು, ಚೆಂದಾಗೇ ಓದುದ್ರು. ನಮ್ಮನೆ ಬಾಯಿಂದ ಏಳ್ದೆ ಎಣ್ಣು ಎಂಗ್ ಕೊಡಾದು?’ ಎಂದಳು. ಆಮೇಲೆ ತಲೆಯನ್ನು ಅತ್ತಿತ್ತ ತಿರುಗಿಸುತ್ತ, ‘ನನ್ ಮಗ ಎಲ್ಲವ್ನೆ?’ ಎಂದು ಕೇಳಿದಳು.

ಅವಳ ಮಗ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ನಾನೇ ಕಣಮ್ಮ ಓದಿದ್ದು ಎಂದರೆ ಮುಗಿಯುತ್ತಿತ್ತು. ಯಾವ ದನಿಯಲ್ಲಿ ಹೇಳುವುದು? ಅಮ್ಮನ ಜೊತೆ ನಾನು ಮಾತಾಡುವ ದನಿಯೇ ಬೇರೆ, ಈಗಷ್ಟೇ ಸಭೆಗೆ ಕೇಳಿಸಿದ ದನಿಯೇ ಬೇರೆ. ಒಂದನ್ನು ಬಲ್ಲವರೂ ಇನ್ನೊಂದನ್ನು ಬಲ್ಲವರೂ ಹೀಗೆ ಒಂದೇ ಸೂರಿನ ಕೆಳಗೆ ನನ್ನನ್ನು ಎಂದೂ ಹಿಡಿದಿರಲಿಲ್ಲ. ಕಣ್ಣಿಲ್ಲದ ತಾಯಿಗೆ ಉಳಿದಿದ್ದ ಒಂದೇ ಗುರುತನ್ನು ನಾನು ಬೆವರು ಸುರಿಸಿ ಒರೆಸಿಹಾಕಿದ್ದೆ, ಅದಕ್ಕೆ ಹೆಮ್ಮೆಯನ್ನೂ ಪಟ್ಟಿದ್ದೆ. ಅಂದು ನನಗಾದ ನಾಚಿಕೆಯ ಮುಂದೆ ಶಾಲೆಯಿಂದೀಚೆಗೆ ಕೂಡಿಟ್ಟುಕೊಂಡಿದ್ದ ನಾಚಿಕೆಗಳೆಲ್ಲ ಆಟದ ಸಾಮಾನುಗಳಂತೆ ಕಂಡವು.

ಹಂಸಾ ಎದ್ದು ಬಂದಳು. ನನ್ನ ಕಡೆ ನೋಡದೆ ಅಜ್ಜಿಯ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ‘ಅಜ್ಜಿ, ಅಪ್ಪ ಇನ್ನೂ ಓದಿಲ್ಲ. ಈಗ ಓದ್ತಾರೆ’ ಎಂದಳು. ಶಾಸ್ತ್ರಿಗಳ ಕೈಯಿಂದ ಪತ್ರಿಕೆಯನ್ನು ತೆಗೆದು ನನ್ನ ಕೈಗಿತ್ತಳು. ಅಜ್ಜಿ ಅವಳ ನೆತ್ತಿಯ ಮೇಲೆ ಕೈಯಿಟ್ಟಳು.

ಮತ್ತೆ ಶುರುಮಾಡಿದೆ. ನಂಬುತ್ತೀರೋ ಇಲ್ಲವೋ, ವಾರಗಟ್ಟಲೆ ಗೋಗರೆದು ಕರೆತಂದಿದ್ದ ಹಕಾರ ಈಗ ಬೇಡವೆಂದರೂ ಬಂದು ನಿಂತಿತು. ಶಾಲಿವಾಹನ ಎಂದೆ, ಅಮ್ಮನ ಹುಬ್ಬು ಗಂಟಿಕ್ಕಿತು. ಹೇಮಂತ ಎಂದೆ, ಅವಳು ಮುಖ ತಿರುಗಿಸಿದಳು. ನನ್ನ ಮಾತು ನನಗೇ ಸಿಗದಂತಾಗಿ ನಿಲ್ಲಿಸಿಬಿಟ್ಟೆ. ಕಾಗದವನ್ನು ಕೆಳಗಿಳಿಸಿ, ಮಗಳ ನೆತ್ತಿಯನ್ನೂ ಅದರ ಮೇಲಿದ್ದ ಅಮ್ಮನ ಕೈಯನ್ನೂ ನೋಡಿದೆ. ‘ನಮ್ಮ ಅಂಸಾ’ ಎಂದೆ. ಆಮೇಲೆ ತಡೆಯಿರಲಿಲ್ಲ. ಮೂರ್ತವೂ ಬಂತು, ಅಸ್ತಾ ನಕ್ಷತ್ರವೂ ಬಂತು, ಇರಿಯರೆಲ್ಲ ಬಂದು ಅರಸಬೇಕೆಂಬ ಕೋರಿಕೆಯೂ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಹುಡುಗಿಯರು ನಕ್ಕದ್ದು ನನಗೆ ಕೇಳಿಸಿತು. ಬೀಗರು ನಕ್ಕರೋ ಇಲ್ಲವೋ ತಿಳಿಯದು, ಆ ಕಡೆ ನೋಡುವಷ್ಟು ಧೈರ್ಯ ಅಂದೂ ಬರಲಿಲ್ಲ. ಅಮ್ಮ ಮಾತ್ರ ಕೊನೆಯವರೆಗೂ ತಲೆಯಾಡಿಸುತ್ತ ಕೇಳಿ, ತಟ್ಟೆ ಎಲ್ಲಿದೆಯೆಂದು ತಡಕಿ, ಎರಡೂ ಕೈಯಿಂದ ಮುಟ್ಟಿ ಕೊಟ್ಟಳು.

ಆಮೇಲೆ ನನ್ನನ್ನು ಹತ್ತಿರ ಕರೆದು ಮುಖ ಸವರಿದಳು. ಅವಳ ಬೆರಳು ಒದ್ದೆಯಾಯಿತು.

‘ಅಳ್ಬೇಡ ಕಣ್ಲಾ. ಎಣ್ಣು ಕೊಡೋವಾಗ ಯಾರಿಗಾದ್ರೂ ಅಂಗೇ ಆಯ್ತದೆ’ ಎಂದಳು.

ಅದಕ್ಕಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಯಾತಕ್ಕೆ ಎಂದು ಕೇಳುತ್ತಿದ್ದಳು. ಅವಳ ಕೈಯನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡು, ‘ಔದು ಕಣಮ್ಮ’ ಎಂದೆ.